ಇನ್ನೊಂದು ರಾಡ್ ಇಳಿಸಿ: ಮುಳುಗಿದ ದುಡ್ಡಿನ ಹಿಂದೆ ನಾವು ಯಾಕೆ ಓಡುತ್ತೇವೆ?

[ದೃಶ್ಯ: ರಾತ್ರಿ ಹೊತ್ತು, ಹೊಲದಲ್ಲಿ ಬೋರ್‌ವೆಲ್ ಲಾರಿ. ಫೋಕಸ್ ಲೈಟಿನಲ್ಲಿ ಎದ್ದು ಕಾಣುವ ಬಿಳಿ ಧೂಳು.]

ರಾತ್ರಿ ಎರಡು ಗಂಟೆ. ಮುಳಬಾಗಿಲು ತಾಲ್ಲೂಕಿನ ಒಂದು ಹೊಲ. ರಿಗ್ ಲಾರಿ ಸಂಜೆಯಿಂದ ಒಂದೇ ಸಮನೆ ಗುಡುಗುತ್ತಾ ಇದೆ. ಪಕ್ಕದವರ ಮಾತು ಕೇಳಿಸಬೇಕಾದರೆ ಕಿವಿಗೆ ಬಾಯಿ ತಂದು ಕೂಗಬೇಕು. 900 ಅಡಿ ಆಗಿದೆ. ಮೇಲೆ ಬರುತ್ತಿರುವುದು ಬರೀ ಹುಡಿ, ಮೈದಾಹಿಟ್ಟಿನ ಥರ. ನಮ್ಮ ಚಿಕ್ಕಪ್ಪ ಐದು ನಿಮಿಷಕ್ಕೊಮ್ಮೆ ಹೋಗಿ ಒಂದು ಹಿಡಿ ಹುಡಿ ತೆಗೆದುಕೊಂಡು ಅಮುಕಿ ನೋಡುತ್ತಾರೆ. ಉಂಡೆ ಆದರೆ ತೇವ ಇದೆ ಅಂತ ಲೆಕ್ಕ. ಉಂಡೆ ಆಗುವುದಿಲ್ಲ. ಬೆರಳ ಸಂದಿಯಿಂದ ಸೋರಿ ಹೋಗುತ್ತದೆ.

ರಿಗ್‌ನವನು ಬಂದು ಕೇಳಿದ. “ಏನಣ್ಣಾ, ನಿಲ್ಸೋಣ್ವಾ?”

ಚಿಕ್ಕಪ್ಪ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. “ಒಂಬೈನೂರು ಹೋಗಿದೀವಲ್ಲಪ್ಪಾ. ಈಗ ನಿಲ್ಸಿದ್ರೆ ಹಾಕಿದ್ದೆಲ್ಲಾ ಮಣ್ಣುಪಾಲು. ಇನ್ನೊಂದು ರಾಡ್ ಇಳ್ಸು.”

ಒಂದು ರಾಡ್ ಅಂದರೆ 20 ಅಡಿ. ಆ ರಾತ್ರಿ “ಇನ್ನೊಂದು, ಇನ್ನೊಂದು” ಅಂತ ಹದಿನೇಳು ರಾಡ್ ಇಳಿಯಿತು. 1,240 ಅಡಿಗೆ ನಿಂತಾಗ ಬೆಳಗಾಗಿತ್ತು. ಗುಂಡಿ ಒಣಗಿದ್ದು ಒಣಗಿದ್ದೇ. ನಾನಾಗ ಕಾಲೇಜಿನಲ್ಲಿದ್ದೆ, ಟಾರ್ಚ್ ಹಿಡಿದುಕೊಂಡು ನಿಂತಿದ್ದೆ. ನನಗೂ ಆಗ ಚಿಕ್ಕಪ್ಪ ಹೇಳಿದ್ದೇ ಸರಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

[ಕ್ಯಾಮೆರಾ ಮುಂದೆ]

ನಮಸ್ಕಾರ. ಇವತ್ತು ಆ ಒಂದು ಮಾತನ್ನು ಬಿಚ್ಚಿ ನೋಡೋಣ. “ಈಗ ನಿಲ್ಲಿಸಿದರೆ ಹಾಕಿದ್ದೆಲ್ಲಾ ಹೋಗುತ್ತದೆ.”

ಸುಮ್ನೆ ಯೋಚಿಸಿ. ಆ 900 ಅಡಿಯ ದುಡ್ಡು ನಿಲ್ಲಿಸಿದರೂ ಹೋಯಿತು, ಮುಂದುವರಿಸಿದರೂ ಹೋಯಿತು. ರಿಗ್‌ನವನಿಗೆ ಕೊಡಲೇಬೇಕು. ರಾತ್ರಿ ಎರಡು ಗಂಟೆಗೆ ಚಿಕ್ಕಪ್ಪನ ಕೈಯಲ್ಲಿದ್ದ ತೀರ್ಮಾನ ಒಂದೇ: ಮುಂದಿನ 20 ಅಡಿಗೆ ಕೊಡುವ ದುಡ್ಡಿಗೆ ಆ 20 ಅಡಿಯಲ್ಲಿ ನೀರು ಸಿಗುವ ಅವಕಾಶ ಎಷ್ಟು? ಈ ಪ್ರಶ್ನೆಗೂ ಹಿಂದಿನ 900ಕ್ಕೂ ಏನೇನೂ ಸಂಬಂಧ ಇಲ್ಲ.

ಬೋರ್ ಕೊರೆಸಿದವರಿಗೆ ಗೊತ್ತಿರುತ್ತದೆ, ಅಡಿ ಲೆಕ್ಕದ ರೇಟು ಎಲ್ಲಾ ಕಡೆ ಒಂದೇ ಇರುವುದಿಲ್ಲ. ಮೊದಲ ಕೆಲವು ನೂರು ಅಡಿಗೆ ಒಂದು ರೇಟು, ಆಮೇಲೆ ಕೆಳಗೆ ಹೋದಷ್ಟೂ ಏರುತ್ತದೆ. ಕೋಲಾರದ ಕಡೆ ಕೆಳಗಿರುವುದು ಗಟ್ಟಿ ಕಲ್ಲು. ನೀರು ಇರುವುದು ಕಲ್ಲಿನ ಬಿರುಕುಗಳಲ್ಲಿ, ಮತ್ತು ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕು ಕಡಿಮೆ. ಅಂದರೆ ಪ್ರತಿ ರಾಡಿಗೂ ಖರ್ಚು ಜಾಸ್ತಿ, ಆಸೆಗೆ ಜಾಗ ಕಮ್ಮಿ. ಆದರೆ ಮನಸ್ಸಿನೊಳಗೆ ಲೆಕ್ಕ ಉಲ್ಟಾ ನಡೆಯುತ್ತದೆ. ಆಳಕ್ಕೆ ಹೋದಷ್ಟೂ ಬಿಡುವುದು ಕಷ್ಟ ಆಗುತ್ತದೆ.

ಹೀಗೆ ಖರ್ಚಾಗಿ ಇನ್ನು ವಾಪಸ್ ಬರದ ದುಡ್ಡಿಗೆ ಅರ್ಥಶಾಸ್ತ್ರದಲ್ಲಿ ಸಂಕ್ ಕಾಸ್ಟ್, ಅಂದರೆ ಮುಳುಗಿದ ಖರ್ಚು, ಅನ್ನುತ್ತಾರೆ. ನಮ್ಮಲ್ಲೂ “ದುಡ್ಡು ಮುಳುಗಿತು” ಅಂತಲೇ ಹೇಳುತ್ತೇವೆ, ಅಲ್ವಾ? ಮುಳುಗಿದ್ದು ಅಂತ ಗೊತ್ತಿದ್ದೂ ನಾವು ಅದರ ಹಿಂದೆ ಧುಮುಕುವುದು ಯಾಕೆ ಅನ್ನುವುದನ್ನು ಮನಶ್ಶಾಸ್ತ್ರದವರು ಬಹಳ ವರ್ಷಗಳಿಂದ ಕೆದಕುತ್ತಿದ್ದಾರೆ.

[ದೃಶ್ಯ: ನಾಟಕದ ಟಿಕೆಟ್ ಕೌಂಟರ್]

ಹಾಲ್ ಆರ್ಕಿಸ್, ಕ್ಯಾಥರಿನ್ ಬ್ಲೂಮರ್ ಅಂತ ಇಬ್ಬರು ಸಂಶೋಧಕರು. ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ನಾಟಕಶಾಲೆಯಲ್ಲಿ ಇವರು ಮಾಡಿದ ಒಂದು ಪ್ರಯೋಗ 1985ರಲ್ಲಿ ಪ್ರಕಟವಾಯಿತು. ಇಡೀ ಸೀಸನ್‌ಗೆ ಒಂದೇ ಟಿಕೆಟ್, ಬೆಲೆ 15 ಡಾಲರ್. ಕೌಂಟರ್‌ಗೆ ಮೊದಲು ಬಂದ 60 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಕೆಲವರಿಗೆ ಪೂರ್ತಿ ಬೆಲೆ, ಕೆಲವರಿಗೆ 2 ಡಾಲರ್ ರಿಯಾಯಿತಿ, ಇನ್ನು ಕೆಲವರಿಗೆ 7 ಡಾಲರ್. ಎಲ್ಲರೂ ನಾಟಕ ನೋಡಬೇಕು ಅಂತಲೇ ಬಂದವರು. ಯಾರಿಗೆ ಯಾವ ರೇಟು ಅನ್ನುವುದು ಬರೀ ಅದೃಷ್ಟ.

ಆದರೂ ಸೀಸನ್‌ನ ಮೊದಲ ಅರ್ಧದಲ್ಲಿ ಪೂರ್ತಿ ದುಡ್ಡು ಕೊಟ್ಟವರೇ ಜಾಸ್ತಿ ನಾಟಕಕ್ಕೆ ಬಂದರು. ಅದೇ ನಾಟಕ, ಅದೇ ಕುರ್ಚಿ. ಕೊಟ್ಟ ದುಡ್ಡು ಅವರನ್ನು ಕೈ ಹಿಡಿದು ಎಳೆದುಕೊಂಡು ಬಂತು. ಈ ಪ್ರಯೋಗಕ್ಕೆ ಇನ್ನೊಂದು ಬಾಲ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಬೇರೆಯವರ ನಾಟಕ ಯಾಕೆ, ಮದುವೆ ಮನೆಯಲ್ಲಿ ಮುಯ್ಯಿ ಕೊಟ್ಟಿದ್ದೀನಿ ಅಂತ ಹೊಟ್ಟೆ ತುಂಬಿದ ಮೇಲೂ ಇನ್ನೊಂದು ಹೋಳಿಗೆ ಹಾಕಿಸಿಕೊಂಡವನು ನಾನೇ.

ಸರಿ. ಹೀಗೆ ಯಾಕೆ ಆಗುತ್ತದೆ?

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ, 1979ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ, ಜನರ ಮುಂದೆ ಒಂದು ಪ್ರಶ್ನೆ ಇಟ್ಟಿದ್ದರು. ನೀವೂ ಉತ್ತರ ಹೇಳಿ. ಒಂದು ದಾರಿ: ನಿಮ್ಮ 3,000 ಖಂಡಿತ ಹೋಗುತ್ತದೆ. ಇನ್ನೊಂದು ದಾರಿ: ನೂರಕ್ಕೆ 80ರಷ್ಟು ಸಂಭವ ನಿಮ್ಮ 4,000 ಹೋಗುತ್ತದೆ, 20ರಷ್ಟು ಸಂಭವ ಏನೂ ಹೋಗುವುದಿಲ್ಲ. ಯಾವುದು ಬೇಕು?

[ಎರಡು ಕ್ಷಣ ಮೌನ]

ಅವರು ಕೇಳಿದವರಲ್ಲಿ ನೂರಕ್ಕೆ 92 ಜನ ಎರಡನೆಯದಕ್ಕೆ ಕೈ ಹಾಕಿದರು. ಲೆಕ್ಕ ಹಾಕಿದರೆ ಎರಡನೆಯದರಲ್ಲಿ ಸರಾಸರಿ ಹೋಗುವುದು 3,200. ನಷ್ಟ ಅದರಲ್ಲೇ ಜಾಸ್ತಿ. ಅದೇ ಪ್ರಶ್ನೆಯನ್ನು ನಷ್ಟದ ಬದಲು ಲಾಭಕ್ಕೆ ತಿರುಗಿಸಿ ಕೇಳಿದಾಗ, ಖಂಡಿತ ಸಿಗುವ 3,000 ಸಾಕು ಅಂದವರು ನೂರಕ್ಕೆ 80 ಜನ. ಲಾಭ ಬರುವಾಗ ನಾವು ಶೆಟ್ಟರ ಅಂಗಡಿಯ ಗಲ್ಲಾಪೆಟ್ಟಿಗೆ ಥರ ಹುಷಾರು. ನಷ್ಟ ಎದುರಿಗೆ ನಿಂತರೆ ಜೂಜುಕೋರರು. ಕಾನೆಮನ್‌ಗೆ 2002ರಲ್ಲಿ ನೊಬೆಲ್ ಬಂತು. ಟ್ವರ್ಸ್ಕಿ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು.

ಈಗ ಆ ಹೊಲಕ್ಕೆ ವಾಪಸ್ ಬನ್ನಿ. 900 ಅಡಿಯಲ್ಲಿ ನಿಲ್ಲಿಸುವುದು ಅಂದರೆ ಖಂಡಿತ ನಷ್ಟ. ಇನ್ನೊಂದು ರಾಡ್ ಅಂದರೆ ಜಾಸ್ತಿ ನಷ್ಟದ ಜೊತೆ ಒಂದು ಚೂರು “ಬಂದ್ರೂ ಬರಬಹುದು”. ನನಗೆ ಅನ್ನಿಸುವುದು ಇಷ್ಟು: ಚಿಕ್ಕಪ್ಪನಿಗೆ ಆ ಹೊತ್ತಲ್ಲಿ ದುಡ್ಡಿಗಿಂತ ಜಾಸ್ತಿ ನೋವಾಗುತ್ತಿದ್ದದ್ದು ಖಾತೆ ಮುಚ್ಚುವುದು. ಕೊರೆಯುತ್ತಾ ಇರುವ ತನಕ ಬೋರ್ ಫೇಲ್ ಆಗಿಲ್ಲ. ಇನ್ನೂ “ನಡೀತಾ ಇದೆ”. ರಿಗ್ ಆಫ್ ಆದ ಕ್ಷಣ ಅದು ಫೇಲ್ ಆದ ಬೋರ್. ಊರಿನ ಬಾಯಲ್ಲೂ, ಮನೆಯ ಲೆಕ್ಕದಲ್ಲೂ, ತನ್ನ ತಲೆಯಲ್ಲೂ. ಆ ಒಂದು ಸಾಲು ಬರೆಯುವುದನ್ನು ಮುಂದೂಡಲಿಕ್ಕೆ ರಾಡಿಗೆ ಇಷ್ಟು ಅಂತ ಬಾಡಿಗೆ ಕಟ್ಟುತ್ತಾ ಇದ್ದರು.

ಮನೆಯ ಒಳಗಿನ ಕಥೆಯೂ ಒಂದಿತ್ತು. ಬೋರ್ ಬೇಡ, ಆ ದುಡ್ಡಲ್ಲಿ ಎರಡು ಹಸು ತರೋಣ ಅಂದಿದ್ದು ಚಿಕ್ಕಮ್ಮ. ಪಾಯಿಂಟ್ ಮಾಡಿಸಿದ್ದು ಚಿಕ್ಕಪ್ಪ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುವವರನ್ನು ಕರೆಸಿ, ಕಾಯಿ ಎದ್ದು ನಿಂತ ಜಾಗಕ್ಕೆ ಗಂಗಮ್ಮನ ಪೂಜೆ ಮಾಡಿಸಿ, ಊರವರಿಗೆಲ್ಲ ಮಂಡಕ್ಕಿ ಹಂಚಿದ್ದರು. ಹೀಗಿರುವಾಗ ರಾತ್ರಿ ಎರಡಕ್ಕೆ ರಿಗ್ ನಿಲ್ಲಿಸುವುದು ಅಂದರೆ ಬೆಳಗ್ಗೆ ಕಾಫಿ ಲೋಟ ಹಿಡಿದು ಬರುವ ಚಿಕ್ಕಮ್ಮನ ಮುಖ ನೋಡುವುದು.

ಬ್ಯಾರಿ ಸ್ಟಾ ಅನ್ನುವ ಸಂಶೋಧಕ 1976ರಲ್ಲಿ ಇದನ್ನೇ ತೋರಿಸಿದ. ಬಿಸಿನೆಸ್ ವಿದ್ಯಾರ್ಥಿಗಳಿಗೆ ಒಂದು ಕಂಪನಿಯ ಹಣ ಹಂಚುವ ಕೆಲಸ ಕೊಟ್ಟ, ಕಾಗದದ ಮೇಲೆ. ಮೊದಲ ಸುತ್ತಿನಲ್ಲಿ ಯಾವ ವಿಭಾಗಕ್ಕೆ ದುಡ್ಡು ಕೊಡಬೇಕು ಅಂತ ಕೆಲವರು ತಾವೇ ಆರಿಸಿದರು. ಉಳಿದವರಿಗೆ “ಹಿಂದಿನವರು ಆರಿಸಿದ್ದು ಇದು” ಅಂತ ಹೇಳಲಾಯಿತು. ಎರಡನೇ ಸುತ್ತಿನಲ್ಲಿ, ಆರಿಸಿದ ವಿಭಾಗ ಸೋತಿದೆ ಅಂತ ಗೊತ್ತಾದ ಮೇಲೂ ಅದಕ್ಕೇ ಅತಿ ಹೆಚ್ಚು ದುಡ್ಡು ಸುರಿದವರು ಯಾರು ಹೇಳಿ? ತಾವೇ ಆರಿಸಿ ಸೋತವರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ನಮ್ಮ ಗಾದೆ ಬರೀ ಹಟದ ಬಗ್ಗೆ ಅಂತ ಅಂದುಕೊಂಡಿದ್ದೆ. ಹಾಗಲ್ಲ ಅನ್ನಿಸುತ್ತದೆ ಈಗ. ನಾಲ್ಕನೇ ಕಾಲು ಕಂಡರೂ, ಕಂಡಿತು ಅಂತ ಹೇಳಲು ಬಾಯಿ ಬರುವುದಿಲ್ಲ.

ಬೋರ್‌ವೆಲ್ ನೆಪ. ಇದೇ ಆಟ ಬೇರೆ ಬೇರೆ ವೇಷದಲ್ಲಿ ಎಲ್ಲರ ಮನೆಯಲ್ಲೂ ಇದೆ. ಕೆಪಿಎಸ್‌ಸಿ ಅಂತ ವಿಜಯನಗರದ ಪಿಜಿಯಲ್ಲಿ ಐದು ವರ್ಷ ಕೂತ ಹುಡುಗ. ಇಳಿದ ಶೇರು ಮಾರಲಾರದೆ ಇನ್ನಷ್ಟು ಕೊಳ್ಳುವವರು. ನಿಶ್ಚಿತಾರ್ಥ ಆಗಿದೆ, ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ ಅಂತ ಮನಸ್ಸಿಲ್ಲದ ಮದುವೆಗೆ ಹಾರ ಹಾಕಿಸಿಕೊಂಡವರು. ಈ ಕೊನೆಯದರ ಬಗ್ಗೆ ನನಗೆ ಬಹಳ ಸಿಟ್ಟಿದೆ. ಛತ್ರದ ಅಡ್ವಾನ್ಸ್ ಎಷ್ಟು, ಬದುಕು ಎಷ್ಟು!

ಇಲ್ಲಿ ಒಂದು ಎಚ್ಚರಿಕೆ. ಈ ವಿಷಯ ಕಲಿತ ಹೊಸದರಲ್ಲಿ ನಾನು ಕಂಡವರಿಗೆಲ್ಲ “ಬಿಟ್ಟುಬಿಡಿ, ಅದು ಸಂಕ್ ಕಾಸ್ಟ್” ಅಂತ ಉಪದೇಶ ಮಾಡುತ್ತಿದ್ದೆ. ತಪ್ಪು. ಐದು ವರ್ಷ ಓದಿದ ಹುಡುಗನ ತಲೆಯಲ್ಲಿ ಐದು ವರ್ಷದ ಓದು ಇದೆ. ಅದು ಮುಳುಗಿಲ್ಲ, ಮುಂದಿನ ಪರೀಕ್ಷೆಯಲ್ಲಿ ಅವನ ಅವಕಾಶವನ್ನು ಅದು ನಿಜವಾಗಿ ಹೆಚ್ಚಿಸಬಹುದು. ಅವನು ಮುಂದುವರಿಸುವುದೇ ಸರಿ ಇರಬಹುದು. ಕಾರಣ ಮಾತ್ರ “ಇಷ್ಟು ವರ್ಷ ಹಾಕಿದ್ದೀನಿ” ಅಂತ ಇದ್ದರೆ ಅನುಮಾನ ಪಡಬೇಕು. “ಹೋದ ಸಲ ಮೇನ್ಸ್ ತನಕ ಹೋಗಿದ್ದೆ, ಎಲ್ಲಿ ಜಾರಿದೆ ಅಂತ ಗೊತ್ತಿದೆ” ಅಂದರೆ ಅದು ಬೇರೆ ಮಾತು.

ಹಾಗಾದರೆ ಒಳಗೆ ನಿಂತುಕೊಂಡು ಈ ವ್ಯತ್ಯಾಸ ಕಂಡುಹಿಡಿಯುವುದು ಹೇಗೆ? ನನಗೆ ಗೊತ್ತಿರುವ ಒಳ್ಳೆಯ ಉಪಾಯ ಒಂದು ಕಂಪನಿಯ ಕೋಣೆಯಿಂದ ಬಂದದ್ದು.

[ದೃಶ್ಯ: ಹಳೆಯ ಮೆಮೊರಿ ಚಿಪ್‌ಗಳು]

1985. ಅಮೆರಿಕದ ಇಂಟೆಲ್ ಕಂಪನಿ ಬಹಳ ಮೊದಲೇ ಹುಟ್ಟಿದ್ದು, ಅದೂ ಕಂಪ್ಯೂಟರಿನ ಮೆಮೊರಿ ಚಿಪ್ ಮಾಡಲಿಕ್ಕೇ. ಜಪಾನಿನ ಕಂಪನಿಗಳು ಬಂದು ಆ ಮಾರುಕಟ್ಟೆಯಲ್ಲಿ ಇಂಟೆಲ್‌ಗೆ ನೆಲೆ ಇಲ್ಲದ ಹಾಗೆ ಮಾಡಿದ್ದವು. ತಿಂಗಳುಗಟ್ಟಲೆ ಚರ್ಚೆ, ತೀರ್ಮಾನ ಇಲ್ಲ. ಮೆಮೊರಿ ಅಂದರೆ ಅವರ ಪಾಲಿಗೆ ಮನೆದೇವರು. ಒಂದು ದಿನ ಕಂಪನಿಯ ಪ್ರೆಸಿಡೆಂಟ್ ಆಂಡಿ ಗ್ರೋವ್ ಅವರು ಸಿಇಒ ಗೋರ್ಡನ್ ಮೂರ್ ಅವರನ್ನು ಕೇಳಿದರು: ನಮ್ಮನ್ನು ಕಿತ್ತುಹಾಕಿ ಹೊಸ ಸಿಇಒ ತಂದರೆ ಅವನು ಏನು ಮಾಡಬಹುದು? ಮೂರ್ ತಡವರಿಸಲಿಲ್ಲ. ಮೆಮೊರಿಯಿಂದ ಹೊರಗೆ ಬರುತ್ತಾನೆ ಅಂದರು. ಹಾಗಾದರೆ ನಾವೇ ಬಾಗಿಲಿಂದ ಆಚೆ ಹೋಗಿ, ಒಳಗೆ ಬಂದು, ಆ ಕೆಲಸ ಮಾಡಬಾರದೇಕೆ ಅಂದರು ಗ್ರೋವ್. ಮಾಡಿದರು. ಸುಲಭವಾಗಿ ಆಗಲಿಲ್ಲ, ಸಾವಿರಾರು ಜನ ಕೆಲಸ ಕಳೆದುಕೊಂಡರು. ಆಮೇಲೆ ಇಂಟೆಲ್ ಅಂದರೆ ಮೈಕ್ರೋಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳಿನಂಥ ಚಿಪ್, ಅನ್ನುವಂತಾಯಿತು.

ನೋಡಿ, ಹೊಸಬನಿಗೆ ಹಳೆಯ ಖಾತೆ ಇಲ್ಲ. ಅವನಿಗೆ ಮುಚ್ಚಲಿಕ್ಕೇ ಏನೂ ಇಲ್ಲ. ಹಾಗಾಗಿ ಅವನಿಗೆ ಮುಂದಿನ 20 ಅಡಿ ಮಾತ್ರ ಕಾಣುತ್ತದೆ. ನಿಮ್ಮ ಜಾಗಕ್ಕೆ ಇವತ್ತು ಬೆಳಗ್ಗೆ ಬಸ್ಸಿಳಿದು ಬಂದ ಒಬ್ಬ ಮನುಷ್ಯನನ್ನು ನಿಲ್ಲಿಸಿ ಕೇಳಿ, ಇದನ್ನು ಇವತ್ತು ಹೊಸದಾಗಿ ಶುರು ಮಾಡುತ್ತೀಯಾ ಅಂತ.

ನಾಟಕದ ಟಿಕೆಟ್ಟಿನ ಬಾಲ ಬಾಕಿ ಇತ್ತಲ್ಲ. ಸೀಸನ್‌ನ ಎರಡನೇ ಅರ್ಧದಲ್ಲಿ ಆ ಗುಂಪುಗಳ ವ್ಯತ್ಯಾಸ ಹೆಚ್ಚುಕಡಿಮೆ ಕರಗಿಹೋಯಿತು. ಕೊಟ್ಟ ದುಡ್ಡಿನ ಎಳೆತ ತಿಂಗಳು ಕಳೆದಂತೆ ಸಡಿಲ ಆಗುತ್ತದೆ. ಹಾಗಾಗಿ ಕೈ ಸುಟ್ಟುಕೊಂಡ ತಕ್ಷಣ ದೊಡ್ಡ ತೀರ್ಮಾನಕ್ಕೆ ಹೋಗದೆ ಸ್ವಲ್ಪ ದಿನ ಬಿಟ್ಟರೆ ಒಳ್ಳೆಯದು. ಆದರೆ ರಿಗ್ ಲಾರಿ ಹೊಲದಲ್ಲಿ ನಿಂತಿರುವಾಗ ಸ್ವಲ್ಪ ದಿನ ಎಲ್ಲಿಂದ ತರುವುದು? ತೀರ್ಮಾನವನ್ನು ಹಿಂದಿನ ದಿನವೇ ಮಾಡಬೇಕು.

[ದೃಶ್ಯ: ಪಂಪ್‌ಹೌಸ್ ಗೋಡೆ, ಸೀಮೆಸುಣ್ಣದ ಬರಹ]

ನಾಲ್ಕು ವರ್ಷ ಆದ ಮೇಲೆ ಚಿಕ್ಕಪ್ಪ ಇನ್ನೊಂದು ಬೋರ್ ಹಾಕಿಸಿದರು. ಈ ಸಲ ಜಿಯಾಲಜಿಸ್ಟ್ ಬಂದಿದ್ದರು, ತೆಂಗಿನಕಾಯಿಯೂ ಬಂದಿತ್ತು, ಎರಡೂ ಇರಲಿ ಅಂತ. ಹಿಂದಿನ ದಿನ ಸಂಜೆ ಚಿಕ್ಕಮ್ಮನನ್ನು ಕೂರಿಸಿಕೊಂಡು ಲೆಕ್ಕ ಹಾಕಿ, ಪಂಪ್‌ಹೌಸ್ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ 800 ಅಂತ ಬರೆದರು. ರಿಗ್‌ನವನಿಗೂ ತೋರಿಸಿದರು.

800ಕ್ಕೆ ರಿಗ್ ನಿಂತಿತು. ನೀರು ಬಿದ್ದಿರಲಿಲ್ಲ. 760ರ ಹತ್ತಿರ ಒಮ್ಮೆ ಹುಡಿ ಸ್ವಲ್ಪ ಬಣ್ಣ ತಿರುಗಿತ್ತು, ಅಷ್ಟೇ. ರಿಗ್‌ನವನು ಕೇಳಿದ, ಅವನ ಹೊಟ್ಟೆಪಾಡು. “ಅಣ್ಣಾ, ಕಲರ್ ಬಂದಿತ್ತು, ಒಂದೈದು ರಾಡ್ ನೋಡೋಣ್ವಾ?” ಚಿಕ್ಕಪ್ಪ ಗೋಡೆ ಕಡೆ ನೋಡಿದರು. ಚಿಕ್ಕಮ್ಮನ ಕಡೆ ನೋಡಿದರು. “ಪೈಪ್ ಎತ್ತಪ್ಪಾ” ಅಂದರು.

ಉಳಿದ ದುಡ್ಡಲ್ಲಿ ಒಂದು ಹಸು ಬಂತು, ಕೃಷಿ ಹೊಂಡಕ್ಕೆ ಹೊದಿಕೆ ಬಂತು. ಪಕ್ಕದ ಹೊಲದವರು ಈಗಲೂ ಸಿಕ್ಕಾಗೆಲ್ಲ ಹೇಳುತ್ತಾರೆ, “ಇನ್ನು ನೂರು ಅಡಿ ಹೋಗಿದ್ರೆ ನೀರು ಬಿದ್ದಿರೋದು ಕಣಯ್ಯಾ.”

“ಬಿದ್ದಿರೋದೇನೋ” ಅಂತಾರೆ ಚಿಕ್ಕಪ್ಪ, ಹಾಲಿನ ಕ್ಯಾನ್ ಎತ್ತಿಕೊಂಡು ಡೈರಿ ಕಡೆ ನಡೆಯುತ್ತಾರೆ.