ಡಲ್ಲಾಸ್ ಪಕ್ಕದ ಫ್ರಿಸ್ಕೋ ಬೆಳೆದದ್ದು ಹೇಗೆ?

ಈಗ ನಾವು ಹೋಗ್ತಿರೋದು ಪ್ರೆಸ್ಟನ್ ರೋಡ್‌ನಲ್ಲಿ. ಟೆಕ್ಸಸ್‌ನ ದನದ ಮಂದೆಗಳನ್ನ ಉತ್ತರಕ್ಕೆ ಹೊಡ್ಕೊಂಡು ಹೋಗ್ತಿದ್ದ ಶಾನೀ ಟ್ರೇಲ್ ಇದೇ ದಿಬ್ಬದ ಮೇಲೆ ಹಾದುಹೋಗ್ತಿತ್ತು. ದಾರಿ ಬದಿಗೆ ಲೆಬನಾನ್ ಅಂತ ಒಂದು ಹಳ್ಳಿ. 1860ರಲ್ಲೇ ಅಲ್ಲಿ ಅಂಚೆ ಕಚೇರಿ ಇತ್ತು.

1902ರಲ್ಲಿ ಸೇಂಟ್ ಲೂಯಿಸ್–ಸ್ಯಾನ್ ಫ್ರಾನ್ಸಿಸ್ಕೋ ರೈಲ್ವೆ ಬಂತು. ಉಗಿಬಂಡಿಗೆ ದಾರಿಯುದ್ದಕ್ಕೂ ಅಲ್ಲಲ್ಲಿ ನೀರು ತುಂಬಿಸ್ಲೇಬೇಕು. ಲೆಬನಾನ್ ಎತ್ತರದಲ್ಲಿತ್ತು, ಆದ್ದರಿಂದ ಸುಮಾರು ನಾಲ್ಕು ಮೈಲಿ ಪಶ್ಚಿಮಕ್ಕೆ, ತಗ್ಗಿನಲ್ಲಿ ನೀರಿನ ತಾಣ ಮಾಡಿದ್ರು. ಊರೂ ಅಲ್ಲಿಗೇ ಹೋಯ್ತು. ಕೆಲವರು ಮರದ ಮನೆಗಳನ್ನೇ ದಿಮ್ಮಿಗಳ ಮೇಲೆ ಉರುಳಿಸ್ಕೊಂಡು ಸಾಗಿಸಿದ್ರು! ಮೊದಲು ಇಟ್ಟ ಹೆಸರು ಎಮರ್ಸನ್. ಅಂಚೆ ಇಲಾಖೆ ಒಪ್ಪಲಿಲ್ಲ, ಅದನ್ನೇ ಹೋಲೋ ಹೆಸರಿನ ಊರು ಟೆಕ್ಸಸ್‌ನಲ್ಲಿ ಆಗ್ಲೇ ಇತ್ತು. ಕೊನೆಗೆ 1904ರಲ್ಲಿ ಆ ರೈಲ್ವೆಯ ಅಡ್ಡಹೆಸರು ‘ಫ್ರಿಸ್ಕೋ’ ಅನ್ನೋದೇ ಊರಿಗೂ ಬಂತು.

ಆಮೇಲೆ ಬಹಳ ಕಾಲ ಇದು ರೈತರ ಪುಟ್ಟ ಊರು. 1990ರಲ್ಲೂ ಜನಸಂಖ್ಯೆ ಆರು ಸಾವಿರದ ಆಸುಪಾಸು. 2000ಕ್ಕೆ 33,714, 2010ಕ್ಕೆ 1,16,989, 2020ಕ್ಕೆ ಎರಡು ಲಕ್ಷ ದಾಟಿತ್ತು.

ಡಲ್ಲಾಸ್ ನಾರ್ತ್ ಟೋಲ್‌ವೇ ಹೆದ್ದಾರಿ ಬಂದದ್ದರಿಂದ ಊರು ಹೀಗೆ ಬೆಳೀತು ಅಂತ ಎಲ್ಲರೂ ಹೇಳ್ತಾರೆ. ಅದು ನಿಜ, ಆದ್ರೆ ಅರ್ಧ ಉತ್ತರ ಅಷ್ಟೇ. ಇನ್ನರ್ಧ ನಿಮ್ಮ ಅಂಗಡಿ ಬಿಲ್‌ನಲ್ಲಿದೆ. ಮಾರಾಟ ತೆರಿಗೆ 8.25%. ರಾಜ್ಯಕ್ಕೆ 6.25, ಉಳಿದ 2 ಸ್ಥಳೀಯ ಪಾಲು, ಅದಕ್ಕಿಂತ ಹೆಚ್ಚು ಹಾಕೋ ಹಾಗಿಲ್ಲ. ಪಕ್ಕದ ಪ್ಲೇನೋ ಅದರಲ್ಲಿ ಒಂದು ಪಾಲನ್ನ ಡಲ್ಲಾಸ್‌ನ ಸಾರಿಗೆ ಸಂಸ್ಥೆ ಡಾರ್ಟ್‌ಗೆ ಮೀಸಲಿಟ್ಟಿತು. ಫ್ರಿಸ್ಕೋ ಡಾರ್ಟ್ ಸೇರಲಿಲ್ಲ. ಅದೇ ಪಾಲನ್ನ ಅರ್ಧರ್ಧ ಮಾಡಿ, ಕಂಪನಿಗಳನ್ನ ಕರೆತರೋ ನಿಗಮಕ್ಕೊಂದು, ಪಾರ್ಕು–ಕ್ರೀಡಾಂಗಣಗಳಂಥ ಕೆಲಸಕ್ಕೊಂದು ಕೊಟ್ಟಿತು. 2000ದಲ್ಲಿ ಸ್ಟೋನ್‌ಬ್ರಯರ್ ಮಾಲ್ ತೆರೆದ ಮೇಲೆ ಸುತ್ತಲಿನ ಊರವರ ಖರ್ಚಿನ ತೆರಿಗೆಯೂ ಇಲ್ಲೇ ಬೀಳತೊಡಗಿತು. 2005ಕ್ಕೆ ಫುಟ್‌ಬಾಲ್ (ಇಲ್ಲಿಯವರ ಸಾಕರ್) ಕ್ರೀಡಾಂಗಣ, 2016ಕ್ಕೆ ಅಮೆರಿಕನ್ ಫುಟ್‌ಬಾಲ್ ಆಡೋ ಡಲ್ಲಾಸ್ ಕೌಬಾಯ್ಸ್ ತಂಡದ ಕೇಂದ್ರ ಕಚೇರಿ. ಇದಕ್ಕೆ ತೆತ್ತ ಬೆಲೆಯೂ ಇದೆ: ಡಲ್ಲಾಸ್‌ಗೆ ಹೋಗೋ ಡಾರ್ಟ್ ರೈಲು ಊರೊಳಗೆ ಇಲ್ಲ, ಕಾರಿಲ್ಲದೆ ಇಲ್ಲಿ ಬದುಕೋದು ಕಷ್ಟ.

ಮೈಸೂರಿನ ಅವಧೂತ ದತ್ತಪೀಠದ ಜೊತೆ ನಂಟಿರೋ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನ ಇರೋದೂ ಇದೇ ಊರಲ್ಲಿ.

ಮನೆ ಕೊಳ್ಳೋರು ಮೊದಲು ನೆಲ ನೋಡಿ. ಇದು ನಮ್ಮ ಗದಗ ಕಡೆಯ ಎರೆಮಣ್ಣಿನಂಥದ್ದೇ: ನೆನೆದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಮನೆಯೋ ಕಾಂಕ್ರೀಟ್ ಹಾಸಿನ ಮೇಲೆ ಕೂತಿರುತ್ತೆ. ಒಂದು ಬದಿ ಮಾತ್ರ ಒಣಗಿದರೆ ಹಾಸು ಬಾಗಿ ಬಾಗಿಲು ಹಿಡಿಯುತ್ತೆ, ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತೆ. ಬೇಸಿಗೆಯಲ್ಲಿ ಗೋಡೆಯಿಂದ ಒಂದು–ಒಂದೂವರೆ ಅಡಿ ದೂರಕ್ಕೆ ಜಿನುಗು ಪೈಪ್ ಹಾಕಿ ಸುತ್ತಲೂ ಒಂದೇ ಸಮ ತೇವ ಕಾಯ್ಕೊಳ್ಳಿ. ನೀರು ಬಿಡೋ ಮುಂಚೆ ಆ ವಾರದ ನಗರಸಭೆ ನಿರ್ಬಂಧ ಏನಿದೆ ಅಂತ ನೋಡ್ಕೊಳ್ಳಿ.