ದೀಪದ ಹುಡುಗಿಯ ಹಿಂದೆ ಬಲ್ಬ್ ಇಲ್ಲ

ಎಲ್ಲರಿಗೂ ನಮಸ್ಕಾರ. ಒಂದು ಪ್ರಸಿದ್ಧ ಚಿತ್ರ ತಗೊಂಡು ಕಲೆಯ ಮೂಲಾಂಶ, ತತ್ವ ಎಲ್ಲಾ ವಿವರಿಸಿ ಅಂತ ರೇಡಿಯೋದವ್ರು ಹೇಳಿದ್ದಾರೆ. ನಾನು ಡ್ರಾಯಿಂಗ್ ಮೇಷ್ಟ್ರು, ಪಟ್ಟಿ ನಂಗೂ ಬಾಯಿಪಾಠ. ಗೆರೆ, ಆಕಾರ, ಬಣ್ಣ, ಛಾಯೆ, ಮೈವಳಿಕೆ, ಆಮೇಲೆ ಸಮತೋಲ, ಲಯ, ಪ್ರಾಧಾನ್ಯ... ನಮ್ಮ ಮಕ್ಕಳೂ ಇದನ್ನೇ ಬರ್ದು ಫುಲ್ ಮಾರ್ಕ್ಸ್ ತಗೊಳ್ತಾರೆ, ಅದೇ ಮಕ್ಕಳನ್ನ ಚಿತ್ರದ ಮುಂದೆ ನಿಲ್ಸಿ ಏನ್ ಕಾಣ್ತು ಅಂದ್ರೆ 'ಚೆನ್ನಾಗಿದೆ ಸಾರ್' ಅಂತಾರೆ, ಅಷ್ಟೇ. ಹಂಗಾಗಿ ಇವತ್ತು ಪಟ್ಟಿ ಬೇಡ, ಒಂದೇ ಮಾತು. ಚಿತ್ರದಲ್ಲಿ ಮೊದ್ಲು ಕತ್ತಲು ಎಲ್ಲಿದೆ ನೋಡಿ.

ಚಿತ್ರ ಯಾವ್ದು ಅಂದ್ರೆ ಮೈಸೂರು ಜಗನ್ಮೋಹನ ಅರಮನೆಯ ದೀಪದ ಹುಡುಗಿ, 'ಗ್ಲೋ ಆಫ್ ಹೋಪ್'. ಸ್ಕೂಲ್ ಟೂರಲ್ಲಿ ನೋಡಿರ್ತೀರಿ, ಇಲ್ಲಾಂದ್ರೆ ಯಾರ್ದಾದ್ರೂ ಮನೆ ಗೋಡೆ ಮೇಲೆ ಪ್ರಿಂಟ್ ಆದ್ರೂ ನೋಡಿರ್ತೀರಿ. ಒಬ್ಳು ಹುಡುಗಿ ಒಂದು ಕೈಯಲ್ಲಿ ದೀಪ ಹಿಡ್ದು ಇನ್ನೊಂದು ಕೈ ಅಡ್ಡ ಇಟ್ಟಿದ್ದಾಳೆ, ಬೆರಳ ಸಂದೀಲಿ ಕೆಂಪಗೆ ಬೆಳಕು. ಇದನ್ನ ಬರ್ದಿದ್ದು ಎಸ್. ಎಲ್. ಹಲ್ದಣಕರ್, ಮಹಾರಾಷ್ಟ್ರದ ಸಾವಂತವಾಡಿಯವ್ರು, 1945–46ರ ಸುಮಾರಿಗೆ, ನಿಂತಿರೋಳು ಅವ್ರ ಮಗಳೇ. ರವಿವರ್ಮನ ಚಿತ್ರ ಅನ್ನೋರಿಗೆ ಕೈಮುಗಿದು ಹೇಳ್ತೀನಿ, ರವಿವರ್ಮ ತೀರ್ಕೊಂಡಿದ್ದು 1906ರಲ್ಲಿ! ಎಷ್ಟು ಸಲ ಹೇಳ್ಬೇಕೋ ಗೊತ್ತಿಲ್ಲ.

ಇನ್ನೊಂದು, ಇದು ಆಯಿಲ್ ಪೇಂಟಿಂಗ್ ಅಲ್ಲ, ಜಲವರ್ಣ. ಜಲವರ್ಣ ಅಂದ್ರೆ ಬಣ್ಣ ತೆಳು, ಅಡಿಯ ಕಾಗದ ಕಾಣ್ಸುತ್ತೆ, ಬೆಳಕು ಬೇಕಾದ ಕಡೆ ಬಿಳಿ ಬಳಿಯೋದಲ್ಲ, ಕಾಗದವನ್ನ ಹಾಗೇ ಉಳಿಸ್ಕೊಳ್ಳೋದು. ಒಂದ್ಸಲ ಗಾಢ ಬಣ್ಣ ಬಿತ್ತು ಅಂದ್ರೆ ವಾಪಸ್ ತೆಗೆಯೋದು ಕಷ್ಟ. ಅಂದ್ರೆ ಬರೆಯೋನು ಕೂಡ ಕತ್ತಲು ಎಲ್ಲೆಲ್ಲಿ ಅಂತ ಮೊದ್ಲೇ ತೀರ್ಮಾನ ಮಾಡ್ಕೊಂಡೇ ಕೂತ್ಕೋಬೇಕು.

ಇಲ್ಲಿ ಒಂದು ಕಥೆ ಹೇಳ್ಲೇಬೇಕು. ಒಂದ್ಸಲ ಮಡಿಕೇರಿಯಿಂದ ಮಕ್ಕಳನ್ನ ಬಸ್ಸಲ್ಲಿ ಕರ್ಕೊಂಡು ಹೋಗಿದ್ವಿ, ಜೊತೆಗೆ ಒಬ್ಬ ಹುಡುಗಿಯ ತಾತ ಬಂದಿದ್ರು, ರಿಟೈರ್ಡ್ ಸುಬೇದಾರ್, ಮೀಸೆ ಇಷ್ಟುದ್ದ, ಕುಶಾಲನಗರ ದಾಟೋದ್ರೊಳಗೆ ಇಡೀ ಬಸ್ಸಿಗೆ ಡಿಸಿಪ್ಲಿನ್ ಕಲಿಸಿಬಿಟ್ಟಿದ್ರು. ಆ ಚಿತ್ರದ ಮುಂದೆ ಬಂದ್ರಲ್ಲ, ನಿಂತ್ರು. 'ಮೇಷ್ಟ್ರೇ, ಹಿಂದೆ ಬಲ್ಬ್ ಇಟ್ಟಿದ್ದಾರೆ' ಅಂದ್ರು. ಇಲ್ಲ ಸಾರ್ ಅಂದೆ. 'ನಾನು ಸೈನ್ಯದ ಸಿಗ್ನಲ್ಸಲ್ಲಿ, ಫೋನು-ವೈರ್‌ಲೆಸ್ ವಿಭಾಗದಲ್ಲಿ ಇದ್ದೋನು, ನಂಗೆ ವೈರ್ ಬಗ್ಗೆ ಹೇಳ್ಬೇಡಿ' ಅಂತ ಬಲಗಡೆಯಿಂದ ಬಗ್ಗಿ ನೋಡಿದ್ರು, ಎಡಗಡೆಯಿಂದ ಬಗ್ಗಿ ನೋಡಿದ್ರು, ಸೆಕ್ಯುರಿಟಿಯವ್ನು ಹತ್ರ ಬಂದ, ಅವನನ್ನೂ ಅಟೆನ್ಷನ್ನಲ್ಲಿ ನಿಲ್ಸಿ ಸ್ವಿಚ್ ಎಲ್ಲಿ ಅಂತ ಕೇಳಿದ್ರು! ಮಕ್ಕಳೆಲ್ಲ ನಗ್ತಿದ್ದಾರೆ, ಮೊಮ್ಮಗಳು 'ತಾತಾ ಬನ್ನಿ' ಅಂತ ಶರ್ಟ್ ಎಳೀತಿದ್ದಾಳೆ. ನಾನಂದೆ, ಸಾರ್, ಮುಷ್ಟಿ ಕಟ್ಟಿ ಸಣ್ಣ ತೂತು ಬಿಡಿ, ಒಂದು ಕಣ್ಣು ಮುಚ್ಚಿ ಆ ತೂತಲ್ಲಿ ಅವಳ ಕೆನ್ನೆ ಮಾತ್ರ ನೋಡಿ, ಸುತ್ತಮುತ್ತದ್ದು ಏನೂ ಕಾಣಬಾರ್ದು. ನೋಡಿದ್ರು. ಏನ್ ಬಣ್ಣ ಸಾರ್? 'ಇದೇನ್ರೀ, ಬರೀ ಹಳದಿ, ಬೆಳಕೇ ಇಲ್ಲ.' ಈಗ ಕೈ ತೆಗೀರಿ ಅಂದೆ. ತೆಗೆದ ಕೂಡ್ಲೇ ದೀಪ ಹತ್ತಿತು. ಮತ್ತೆ ಮುಷ್ಟಿ ಕಟ್ಟಿದ್ರು, ಆರಿತು. ಹಂಗೇ ಹತ್ಸಿ ಆರ್ಸಿ, ಹತ್ಸಿ ಆರ್ಸಿ, ಮಕ್ಕಳೆಲ್ಲ ಕ್ಯೂ ನಿಂತು ಮುಷ್ಟಿ ಕಟ್ಟೋಕೆ ಶುರು ಮಾಡಿದ್ರು, ಊಟಕ್ಕೆ ಲೇಟಾಯ್ತು, ಝೂಗೆ ಹೋಗೋದೇ ಕ್ಯಾನ್ಸಲ್. ಕೊನೆಗೆ ಸುಬೇದಾರ್ರು 'ಸರಿ ಮೇಷ್ಟ್ರೇ, ಸ್ವಿಚ್ ಕತ್ತಲಲ್ಲಿದೆ' ಅಂತ ಒಪ್ಕೊಂಡ್ರು. ಇಷ್ಟು ವರ್ಷ ಪಾಠ ಮಾಡಿ ನಂಗೆ ಇಷ್ಟು ಚೊಕ್ಕವಾಗಿ ಹೇಳೋಕೆ ಬಂದಿಲ್ಲ ನೋಡಿ.

ಇದನ್ನೇ ಪುಸ್ತಕದಲ್ಲಿ ಛಾಯೆ ಅಂತಾರೆ, ತಿಳಿಗೂ ಗಾಢಕ್ಕೂ ಇರೋ ಅಂತರ. ಐನ್‌ಮನೆಯ, ಅಂದ್ರೆ ಕೊಡವರ ಹಿರಿಯರ ಕಾಲದ ಕುಟುಂಬದ ಮನೆಯ, ನೆಲ್ಲಕ್ಕಿ ನಡುಬಾಡೆ ಅನ್ನೋ ನಡುಮನೆಯಲ್ಲಿ ತೂಗುದೀಪ ನೋಡಿದ್ದೀರಲ್ಲ, ಅದೇ ದೀಪ ಹಗಲಲ್ಲಿ ಅಂಗಳಕ್ಕೆ ತಂದಿಟ್ರೆ ಉರೀತಿದ್ಯೋ ಇಲ್ವೋ ಅಂತ ಹತ್ರ ಹೋಗಿ ನೋಡ್ಬೇಕು.

ಸ್ಟುಡಿಯೋ ಗಾಜಿನ ಆಚೆಯಿಂದ ಟೈಮ್ ಆಯ್ತು ಅಂತ ಕೈ ತೋರಿಸ್ತಿದ್ದಾರೆ, ಉಳಿದದ್ದು ಬೇಗ ಹೇಳ್ಬಿಡ್ತೀನಿ. ಬಣ್ಣ: ಸೀರೆ ನೇರಳೆ, ಬೆಳಕು ಹಳದಿ, ಬಣ್ಣಗಳನ್ನ ದುಂಡಗೆ ಜೋಡಿಸಿರೋ ವರ್ಣಚಕ್ರದಲ್ಲಿ ಇವೆರಡೂ ಎದುರುಬದುರು, ಅದಕ್ಕೇ ಒಂದರ ಪಕ್ಕ ಇನ್ನೊಂದು ಎದ್ದು ಕಾಣುತ್ತೆ. ಸಮತೋಲ: ಹಿಂದೆ ಗೋಡೆ ಮೇಲೆ ಅವಳ ನೆರಳು ಬಿದ್ದಿದೆಯಲ್ಲ, ಅದನ್ನ ಹೆಬ್ಬೆರಳಿಂದ ಮುಚ್ಚಿ ನೋಡಿ, ಚಿತ್ರ ಒಂದ್ಕಡೆ ವಾಲಿದ ಹಾಗಾಗುತ್ತೆ. ಪ್ರಾಧಾನ್ಯ ಅಂತೂ ಹೇಳೋದೇ ಬೇಡ, ಎಲ್ಲಿಂದ ನೋಡಿದ್ರೂ ಕಣ್ಣು ಆ ಬೆರಳುಗಳಿಗೇ ಬಂದು ಮುಖಕ್ಕೆ ಏರುತ್ತೆ. ಲಯ ಸೀರೆ ನೆರಿಗೆಯಲ್ಲಿದೆ, ನೀವೇ ಹುಡುಕ್ಕೊಳ್ಳಿ, ಎಲ್ಲಾ ನಾನೇ ಹೇಳಿದ್ರೆ ಹೇಗೆ.

ಮಕ್ಕಳಿಗೆ ಒಂದು ಕೆಲಸ. ಅಪ್ಪನ ಮೊಬೈಲಲ್ಲಿ ಯಾವ್ದಾದ್ರೂ ಚಿತ್ರದ ಫೋಟೋ ತೆಗ್ದು ಬ್ಲಾಕ್ ಅಂಡ್ ವೈಟ್ ಮಾಡಿ. ಬಣ್ಣ ಹೋದ್ಮೇಲೆ ಏನು ಉಳೀತು ಅಂತ ನೋಡಿ, ಆಮೇಲೆ ಪುಸ್ತಕ ತೆಗೀರಿ. ಬರ್ತೀನಿ, ನಮಸ್ಕಾರ.