ಕಬ್ಬಿನ ಹೊಲದಲ್ಲಿ ಬೀಕನ್ ಹುಡುಕಾಟ

ನಮಸ್ಕಾರ ಎಲ್ಲರಿಗೂ. ಇದು ಬೈಲಹೊಂಗಲ ಹತ್ತಿರ ನಮ್ಮ ಕಾಕಾನ ಹೊಲ. ಕಬ್ಬು ಕಟಾವಾಗಿ ಫ್ಯಾಕ್ಟರಿಗೆ ಹೋಗಿದೆ. ರವದಿ ಇನ್ನೂ ಹಾಗೇ ಬಿದ್ದಿದೆ. ಅದರ ಕೆಳಗೆ ಎಲ್ಲೋ ಎರಡು ಬೀಕನ್ ಇವೆ. ಬೀಕನ್ ಅಂದರೆ ಹಿಮಕುಸಿತದಲ್ಲಿ ಹೂತುಹೋದವರನ್ನು ಹುಡುಕಲು ಮೈಗೆ ಕಟ್ಟಿಕೊಳ್ಳುವ, ಸಿಗ್ನಲ್ ಬಿಡುವ ಮತ್ತು ಹಿಡಿಯುವ ಪುಟ್ಟ ಯಂತ್ರ. ಬಚ್ಚಿಟ್ಟವನು ನಾನು, ಹುಡುಕುತ್ತಿರುವವನು ಕಾಕಾನ ಮಗ ಸಂತೋಷ.

ಪಕ್ಕದ ಹೊಲದ ಅಜ್ಜ ಬದುವಿನ ಮೇಲೆ ನಿಂತು ಕೇಳಿದರು: "ಏನ್ ಹುಡಕಾಕತ್ತೀರೋ ತಮ್ಮಾ? ಬಂಗಾರ ಏನರ ಕಳಕೊಂಡೀರೇನ?"

ಮನುಷ್ಯರನ್ನು ಹುಡುಕುವುದನ್ನು ಕಲಿಯುತ್ತಿದ್ದೇವೆ ಅಜ್ಜಾ ಅಂದೆ. ಅವರಿಗೆ ನಗು.

ಕಳೆದ ಚಳಿಗಾಲ ನಾನು ಗುಲ್ಮಾರ್ಗ್‌ನಲ್ಲಿ ಹಿಮಕುಸಿತ ಸುರಕ್ಷತೆಯ ಮುಂದಿನ ಹಂತದ ಕೋರ್ಸ್ ಮಾಡಿ ಬಂದೆ. ಸ್ನೋಬೋರ್ಡ್ ಹುಚ್ಚು ನನಗೆ ಹಳೆಯದು. ಬೆಳಗಾವಿಯವನಿಗೆ ಇದೆಲ್ಲ ಯಾಕೆ ಅಂತ ಮನೆಯಲ್ಲೂ ಕೇಳುತ್ತಾರೆ, ಬಿಡಿ. ಮೊದಲ ಹಂತದಲ್ಲಿ ಹಿಮದಡಿ ಸಿಕ್ಕ ಒಬ್ಬರನ್ನು ಬೀಕನ್‌ನಿಂದ ಹುಡುಕುವುದು, ಪ್ರೋಬ್ ಕೋಲಿನಿಂದ ಚುಚ್ಚಿ ನೋಡುವುದು, ಸಲಿಕೆಯಿಂದ ಅಗೆಯುವುದು ಕಲಿಸುತ್ತಾರೆ. ಮುಂದಿನ ಹಂತದಲ್ಲಿ ಅದೆಲ್ಲ ನಿಮಗೆ ಗೊತ್ತಿದೆ ಅಂತಲೇ ಶುರು. ಅಲ್ಲಿ ಮೂವರು ಹಿಮದ ಕೆಳಗೆ, ಇಬ್ಬರು ಮೇಲೆ. ಸ್ಟಾಪ್‌ವಾಚ್ ಓಡುತ್ತಿರುತ್ತದೆ, ಒಂದೊಂದು ನಿಮಿಷವೂ ಲೆಕ್ಕ.

ಗುಲ್ಮಾರ್ಗ್ ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತ ಕಾಂಗ್‌ಡೂರಿಯಿಂದ ಅಫರ್ವತ್ ಬೆಟ್ಟಕ್ಕೆ, ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಇಳಿಜಾರುಗಳ ಕಾವಲಿನ ಸ್ಕೀ ಪ್ಯಾಟ್ರೋಲ್‌ನವರು ನೋಡಿಕೊಳ್ಳುವ ಜಾಗ ಅದರಲ್ಲಿ ಸ್ವಲ್ಪವೇ. ಗಡಿ ದಾಟಿದರೆ ಬ್ಯಾಕ್‌ಕಂಟ್ರಿ, ನಿಮ್ಮ ಜವಾಬ್ದಾರಿ ನಿಮ್ಮದು. ಅದೇ ಅಫರ್ವತ್‌ನಲ್ಲಿ 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಹಿಮಕುಸಿತಕ್ಕೆ ಸಿಕ್ಕಿ ಸತ್ತರು.

ಇಷ್ಟು ಹೇಳುವಷ್ಟರಲ್ಲಿ ಅಜ್ಜ ಒಂದು ಪ್ರಶ್ನೆ ಹಾಕಿದರು. ನಮ್ಮ ಕಡೆ ಹಿಮದ ಮಾತು ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಬೆಟದೂರಿನ ಹನುಮಂತಪ್ಪ ಆರ್ ದಿನ ಜೀವಂತ ಇದ್ನಲ್ಲೋ. ನೀ ನೋಡಿದ್ರ ನಿಮಿಷದ ಲೆಕ್ಕಾ ಹೇಳ್ತಿ."

ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಇಲ್ಲಿ ಯಾರು ಮರೆತಿದ್ದಾರೆ? 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಬಿತ್ತು. ಹತ್ತು ಮಂದಿ ಅಡಿಯಲ್ಲಿ ಸಿಕ್ಕರು. ಫೆಬ್ರವರಿ 8ರಂದು ಹನುಮಂತಪ್ಪ ಅವರೊಬ್ಬರನ್ನು ಜೀವಂತವಾಗಿ ಹೊರತೆಗೆದರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಟೆಂಟ್ ಒಳಗಿದ್ದರು, ಉಸಿರಾಡಲು ಒಂದಿಷ್ಟು ಗಾಳಿ ಉಳಿದ ಜಾಗ ಸಿಕ್ಕಿತ್ತು. ಸ್ಕೀ ಮಾಡುವವನಿಗೆ ಟೆಂಟ್ ಎಲ್ಲಿಂದ ಬರಬೇಕು? ಹರಿದು ಬಂದ ಹಿಮ ನಿಂತ ಕೂಡಲೇ ಮೈ ಸುತ್ತ ಬಿಗಿಯುತ್ತದೆ. ಬೆರಳು ಅಲ್ಲಾಡಿಸಲೂ ಆಗುವುದಿಲ್ಲ. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾ ಹೋಗುತ್ತಾನೆ. ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಮೂರರಲ್ಲಿ ಒಬ್ಬರು ಉಳಿದರೆ ಹೆಚ್ಚು. ಹೆಲಿಕಾಪ್ಟರ್ ಬರುವವರೆಗೆ ಕಾಯುವ ಲೆಕ್ಕವೇ ಇಲ್ಲ. ಕಾಪಾಡುವವರು ಜೊತೆಗೆ ಹೋದವರೇ.

ಅದಕ್ಕೇ ಈ ಹೊಲ. ಹಿಮ ಇಲ್ಲದಿದ್ದರೂ ಬೀಕನ್ ಹುಡುಕಾಟ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಯಾವ ಕಂಪನಿಯ ಬೀಕನ್ ಆದರೂ 457 ಕಿಲೋಹರ್ಟ್ಸ್‌ನಲ್ಲೇ ಸಿಗ್ನಲ್ ಬಿಡುತ್ತದೆ. ನೋಡಿ, ಸಂತೋಷ ಬೋರ್‌ವೆಲ್ ಪಂಪ್‌ಸೆಟ್ ಹತ್ತಿರ ಹೋದ ಕೂಡಲೇ ಬಾಣದ ಗುರುತು ಹುಚ್ಚುಹುಚ್ಚಾಗಿ ತಿರುಗುತ್ತಿದೆ. ವಿದ್ಯುತ್ತಿನ ಕಾಟ ಅದು. ಅಂಗಿ ಜೇಬಿನಲ್ಲಿ ಮೊಬೈಲ್ ಬೇರೆ ಇದೆ. ಹುಡುಕುವಾಗ ಮೊಬೈಲ್, ಕ್ಯಾಮೆರಾ, ಬಿಸಿ ಕೊಡುವ ಗ್ಲೌಸ್ ಎಲ್ಲವೂ ಬೀಕನ್‌ನಿಂದ ಕನಿಷ್ಠ 50 ಸೆಂಟಿಮೀಟರ್ ದೂರ ಇರಬೇಕು. ನಮ್ಮಂಥ ವ್ಲಾಗ್ ಮಾಡುವವರ ಎದೆ ಮೇಲೆ ಕ್ಯಾಮೆರಾ ಅಂಟಿಕೊಂಡೇ ಇರುತ್ತದಲ್ವಾ? ಅದು ತೊಂದರೆ.

ಒಬ್ಬರು ಸಿಕ್ಕ ಮೇಲೆ ಬೀಕನ್‌ನಲ್ಲಿ 'ಮಾರ್ಕ್' ಒತ್ತಿದರೆ ಆ ಸಿಗ್ನಲ್ ಬದಿಗೆ ಸರಿದು ಮುಂದಿನವರದು ಕಾಣಬೇಕು. ಇಬ್ಬರು ಹತ್ತಿರಹತ್ತಿರ ಇದ್ದರೆ ಸಿಗ್ನಲ್ ಒಂದರ ಮೇಲೊಂದು ಬಿದ್ದು ಯಂತ್ರ ತಬ್ಬಿಬ್ಬಾಗುತ್ತದೆ. ಆಗ ಕೆಲಸಕ್ಕೆ ಬರುವುದು ಮೂರು ಸುತ್ತಿನ ವಿಧಾನ. ಮೊದಲನೆಯವರು ಸಿಕ್ಕ ಜಾಗದಿಂದ ಮೂರು ಮೀಟರ್ ದೂರದಲ್ಲಿ ಒಂದು ಸುತ್ತು, ಆರು ಮೀಟರ್‌ನಲ್ಲಿ ಇನ್ನೊಂದು, ಒಂಬತ್ತರಲ್ಲಿ ಮತ್ತೊಂದು. ಯಾವ ಕಡೆ ಬೀಕನ್ ತೋರಿಸುವ ದೂರದ ಅಂಕಿ ಸರ್ರನೆ ಇಳಿಯುತ್ತದೋ ಆ ಕಡೆ ಎರಡನೆಯವರು. ಈ ಸುತ್ತುಗಳನ್ನು ನಾವು ಕಾಲಿಗೆ ಅಭ್ಯಾಸ ಮಾಡಿಸುತ್ತಿದ್ದೇವೆ.

ಹತ್ತಿರ ಬಂದ ಮೇಲೆ ಬೀಕನ್ ನೆಲಕ್ಕೆ ತಾಗುವಂತೆ, ತಿರುಗಿಸದೆ ಹಿಡಿಯಬೇಕು. ಅಂಕಿ ಎಲ್ಲಿ ಕಡಿಮೆಯೋ ಅಲ್ಲಿಂದ ಸುರುಳಿಯಾಗಿ 25 ಸೆಂಟಿಮೀಟರ್‌ಗೊಮ್ಮೆ ಪ್ರೋಬ್ ಚುಚ್ಚುವುದು. ತಾಗಿದರೆ ಪ್ರೋಬ್ ಕೀಳಬಾರದು. ಅದರ ಪಕ್ಕದಲ್ಲೇ ಅಗೆಯಲೂಬಾರದು. ಆಳ ಎಷ್ಟೋ ಅದರ ಒಂದೂವರೆ ಪಟ್ಟು ಇಳಿಜಾರಿನ ಕೆಳಗೆ ಹೋಗಿ, ಅಲ್ಲಿಂದ ಒಳಗೆ ನುಗ್ಗುತ್ತಾ ಅಗೆಯಬೇಕು. ಮುಂದಿರುವವ ಕಡಿದು ಕೊಡುತ್ತಾನೆ, ಹಿಂದಿನವರು ಎಳೆದು ಹಾಕುತ್ತಾರೆ, ಸುಸ್ತಾದರೆ ಜಾಗ ಬದಲು. ಜಾಸ್ತಿ ಹೊತ್ತು ಹಿಡಿಯುವುದು ಅಗೆತವೇ. ಎಲ್ಲರೂ ದುಬಾರಿ ಬೀಕನ್ ಬಗ್ಗೆ ಕೇಳುತ್ತಾರೆ. ಸಲಿಕೆ ಬಗ್ಗೆ ಕೇಳುವವರೇ ಇಲ್ಲ.

ಇಲ್ಲಿ ಕಲಿಯಲಾಗದ್ದು ಹಿಮ. ಇಳಿಜಾರಿನ ಅಂದಾಜು ಮಾತ್ರ ಸ್ವಲ್ಪ ಸಿಗುತ್ತದೆ. ಈ ಕ್ಲಿಪ್ ಯಳ್ಳೂರಿನ ರಾಜಹಂಸಗಡದ್ದು. ಮೊದಲು ಕಣ್ಣಲ್ಲೇ ಇಳಿಜಾರು ಎಷ್ಟು ಡಿಗ್ರಿ ಅಂತ ಹೇಳುವುದು, ಆಮೇಲೆ ಮೊಬೈಲ್ ಇಟ್ಟು ಅಳೆಯುವುದು. ದೊಡ್ಡ ಹಾಳೆಯ ಹಾಗೆ ಜಾರಿ ಬರುವ ಹಿಮಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿಯ ನಡುವೆ ಆಗುತ್ತದೆ. ಸ್ಕೀ ಮಾಡಲು ಮಜಾ ಬರುವ ಇಳಿಜಾರೂ ಅದೇ, ಅದೇ ಕಷ್ಟ.

ಗುಲ್ಮಾರ್ಗ್‌ನಲ್ಲಿ ಹಿಮದ ಪದರ ಜಾರುತ್ತದೆಯೋ ಅಂತ ಪರೀಕ್ಷಿಸಲು ಗುಂಡಿ ತೋಡಿ, 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ದಪ್ಪದ ಕಂಬ ಕತ್ತರಿಸಿದೆವು. ಅದರ ಒಂದು ತುದಿಯಲ್ಲಿ ಸಲಿಕೆ ಇಟ್ಟು, ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಒಂದು ಏಟಿಗೆ ಬಿರುಕು ಈ ತುದಿಯಿಂದ ಆ ತುದಿಗೆ ಸರ್ರೆಂದು ಓಡಿತು. ಒಳಗೆ ಹರಳು ಹರಳಾದ, ಒಂದಕ್ಕೊಂದು ಅಂಟದ ಹಳೆಯ ಹಿಮದ ಪದರ ಇತ್ತು. ಆ ದಿನ ಮೇಲಿನ ಕಡಿದಾದ ಇಳಿಜಾರಿಗೆ ಹೋಗಲಿಲ್ಲ. ಆದರೆ ಬಿರುಕು ಓಡದಿದ್ದರೆ ಹೋಗಬಹುದು ಅಂತಲ್ಲ. ಐವತ್ತು ಹೆಜ್ಜೆ ಆಚೆ ಹಿಮ ಬೇರೆ ಇರುತ್ತದೆ.

ಕೋರ್ಸ್‌ನ ಅರ್ಧ ಹೊತ್ತು, ಹೋಗಬೇಕೋ ಬೇಡವೋ ಅನ್ನುವ ಮಾತಿಗೇ ಹೋಯಿತು. ಅಪಘಾತಕ್ಕೆ ಸಿಕ್ಕವರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಸಲ ಹಿಮ ಜಾರಿಸಿದ್ದು ಅವರೇ, ಇಲ್ಲವೇ ಅವರ ಗುಂಪಿನವರು. ಬೇರೆಯವರ ಸ್ಕೀ ಗುರುತು ಕಂಡರೆ ಧೈರ್ಯ ಬರುತ್ತದೆ. ಇಷ್ಟು ದೂರ ಬಂದಿದ್ದೇವೆ ಅನಿಸುತ್ತದೆ. ಅನುಭವ ಇದ್ದವರು ಹೊರಟರೆ ಉಳಿದವರು ಸುಮ್ನೆ ಹಿಂದೆ ಹೋಗುತ್ತಾರೆ. ನಮ್ಮಲ್ಲಂತೂ ದೊಡ್ಡವರ ಮಾತಿಗೆ ಎದುರು ಹೇಳುವ ರೂಢಿಯೇ ಇಲ್ಲ. ಹಾಗಾಗಿ ಗೈಡ್ ಪ್ರತಿ ಬೆಳಿಗ್ಗೆ ಗುಂಪಿನಲ್ಲಿ ಎಲ್ಲರಿಗಿಂತ ಹೊಸಬರನ್ನೇ ಮೊದಲು ಮಾತಾಡಿಸುತ್ತಿದ್ದರು. ಒಬ್ಬರು ಬೇಡ ಅಂದರೆ ಆ ಇಳಿಜಾರು ಅಂದಿಗೆ ಬಿಟ್ಟಂತೆ. ಕಾರಣದ ಚರ್ಚೆ ಸಂಜೆ ಚಹಾದ ಜೊತೆ. ಬೀಕನ್ ಅಭ್ಯಾಸಕ್ಕಿಂತ ಇದನ್ನು ಮನೆಮಂದಿ ಜೊತೆ ಪ್ರಯತ್ನಿಸುವುದು ಕಷ್ಟ ಅಂತ ಸಂತೋಷನ ಅಭಿಪ್ರಾಯ. ಕಾಕಾ ಕೇಳಿಸಿಕೊಂಡರು.

ಹೋಗುವವರಿಗೆ ಒಂದು ಮಾತು. ಸಾಮಾನು ಎಲ್ಲ ಕೊಳ್ಳಬೇಕಿಲ್ಲ, ಗುಲ್ಮಾರ್ಗ್‌ನಲ್ಲೇ ಬಾಡಿಗೆಗೆ ಸಿಗುತ್ತದೆ. ಬೀಕನ್ ತೆಗೆದುಕೊಂಡರೆ ಅಂಗಡಿಯಲ್ಲೇ ಬ್ಯಾಟರಿ ನೋಡಿ. ಇನ್ನೊಂದು ಬೀಕನ್ ಆನ್ ಮಾಡಿಸಿ, ಹೊರಗೆ ನಡೆದುಕೊಂಡು ಹೋಗಿ ಎಷ್ಟು ದೂರದಿಂದ ಹಿಡಿಯುತ್ತದೆ ಪರೀಕ್ಷಿಸಿ. ಇಪ್ಪತ್ತು ಹೆಜ್ಜೆಗೇ ಸಿಗ್ನಲ್ ಹೋದರೆ ಬೇರೆಯದು ಕೇಳಿ.